ಬೇಲಿ ಕಡಿದರೆ ಕಾಡುಪಾಪ ಎಲ್ಲಿಗೆ ಹೋಗಬೇಕು?

 

ಕಾಂಗರೂ, ಕೋಲಾ ಇವು ಮರಿಯನ್ನು ಹೊಟ್ಟೆಯ ಚೀಲದಲ್ಲಿ ಇಟ್ಟುಕೊಂಡು ಸಾಕುವ ಪ್ರಾಣಿಗಳು. ಇವು ನಮ್ಮ ದೇಶದ ಕಾಡಿನಲ್ಲಿ ಇಲ್ಲ. ಆಸ್ಟ್ರೇಲಿಯಾದಲ್ಲಿ ಮರ ಕಡಿದು, ಕಾಡಿಗೆ ಬೆಂಕಿ ಬಿದ್ದು ಕೋಲಾಗಳು ಕಡಿಮೆಯಾದವು. 2022ರಲ್ಲಿ ಅಲ್ಲಿನ ಸರ್ಕಾರ ಪೂರ್ವ ಭಾಗದ ಕೋಲಾಗಳು ಅಳಿವಿನ ಅಂಚಿನಲ್ಲಿವೆ ಎಂದು ಸಾರಿತು. ಇದನ್ನು ಕೇಳಿದರೆ ನಾವೆಲ್ಲ ಅಯ್ಯೋ ಪಾಪ ಅಂತೀವಿ. ಆದರೆ ನಮ್ಮ ಸೀಮೆಯಲ್ಲೇ ಒಂದು ಪ್ರಾಣಿಗೆ ಅಂಥದೇ ಕಷ್ಟ ಬಂದಿದೆ. ಅದರ ಹೆಸರಲ್ಲೇ ಪಾಪ ಇದೆ. ಅದೇ ಕಾಡುಪಾಪ.

ಕಾಡುಪಾಪಕ್ಕೆ ಹೊಟ್ಟೆಚೀಲ ಇಲ್ಲ. ಅದು ಕೋತಿಯ ದೂರದ ನೆಂಟ. ನಮ್ಮ ಅಳತೆಪಟ್ಟಿಗಿಂತ ಚಿಕ್ಕದು, ತೂಕ ಸುಮಾರು ಕಾಲು ಕೆಜಿ. ಬಾಲವಿಲ್ಲ. ಕಣ್ಣು ಮಾತ್ರ ಗೋಲಿಯ ಹಾಗೆ ದುಂಡಗೆ, ದೊಡ್ಡದು. ಹಗಲೆಲ್ಲ ಮುದುರಿಕೊಂಡು ಮಲಗಿ ರಾತ್ರಿ ಎದ್ದು ಇರುವೆ, ಜೀರುಂಡೆ, ಹುಳ ತಿನ್ನುತ್ತದೆ. ಮರಿ ತಾಯಿಯ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ತಾಯಿ ಅದನ್ನು ಕೊಂಬೆಯ ಮೇಲೆ ಬಿಟ್ಟು ಮೇಯಲು ಹೋಗುತ್ತದೆ.

ಇದು ಕೋತಿಯ ಹಾಗೆ ಮರದಿಂದ ಮರಕ್ಕೆ ನೆಗೆಯಲಾರದು. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ನಿಧಾನವಾಗಿ ದಾಟುತ್ತದೆ. ಇಲ್ಲದಿದ್ದರೆ ನೆಲಕ್ಕೆ ಇಳಿಯಬೇಕು. ನೆಲದ ಮೇಲೆ ನಾಯಿ, ಬೆಕ್ಕು, ರಸ್ತೆಯಲ್ಲಿ ಲಾರಿ. ಆದ್ದರಿಂದ ಹೊಲದ ಬದುವಿನ ಹೊಂಗೆ, ಬೇವು, ಜಾಲಿ, ಕಳ್ಳಿಯ ಬೇಲಿ ನಮಗೆ ಬರೀ ಬೇಲಿ, ಅದಕ್ಕೆ ಅದೇ ಮನೆ, ಅದೇ ದಾರಿ. ಈಗ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ತಂತಿ ಎಳೆಯುತ್ತಿದ್ದಾರೆ. ಜೆಸಿಬಿ ಬಂದರೆ ಒಂದೇ ದಿನಕ್ಕೆ ಬದು ಬೋಳು.

ಪಕ್ಕದ ತುಮಕೂರು ಜಿಲ್ಲೆಯಲ್ಲಿ ನಾಗವಲ್ಲಿ ಎಂಬ ಊರಿದೆ. ಅಲ್ಲಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಾಗಿದ್ದ ಬಿ.ವಿ. ಗುಂಡಪ್ಪನವರು ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಊರಿನ ಸುತ್ತ ಕಾಡುಪಾಪಗಳನ್ನು ಹುಡುಕಿ ಲೆಕ್ಕ ಇಟ್ಟರು. ಊರಿನವರಿಗೆ ತಿಳಿಸಿ ಹೇಳಿದರು. ಅವರು ಮಾಡಿದ್ದಕ್ಕೆ ದೊಡ್ಡ ದುಡ್ಡು ಬೇಕಾಗಲಿಲ್ಲ, ಮನಸ್ಸು ಬೇಕಾಯಿತು. ತಮಿಳುನಾಡಿನಲ್ಲಿ 2022ರಲ್ಲಿ ಕಡವೂರು ಎಂಬಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿದ್ದಾರೆ. ನಮ್ಮ ದೇಶದಲ್ಲಿ ಅದೇ ಮೊದಲನೆಯದು.

ಕೆಲವರು ಕಾಡುಪಾಪ ಕಂಡರೆ ಅಪಶಕುನ ಅಂತಾರೆ. ಕೆಲವರು ಮಾಟ ಮಂತ್ರಕ್ಕೆ ಹಿಡಿಯುತ್ತಾರೆ. ಇದು ಮೂಢನಂಬಿಕೆ ಮಾತ್ರವಲ್ಲ, ಅಪರಾಧ ಕೂಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಇದರ ಹೆಸರಿದೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಹಿಡಿದರೆ, ಕೊಂದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು.

ಇನ್ನು ಬೇಲಿಯ ವಿಷಯ. "ಬೇಲಿ ಬಿಟ್ಟರೆ ನೆರಳಿಗೆ ರಾಗಿ ಏಳಲ್ಲ, ಎರಡು ಸಾಲು ಹೋಗುತ್ತೆ, ನಿಮ್ಮ ಮೇಷ್ಟ್ರು ಕೊಡ್ತಾರಾ?" ಅಂತ ನಮ್ಮಪ್ಪ ಕೇಳ್ತಾರೆ. ಅವರ ಮಾತಿನಲ್ಲಿಯೂ ನಿಜ ಇದೆ. ರೈತರಿಗೆ ನಷ್ಟ ಆಗಬಾರದು. ಆದ್ದರಿಂದ ಇರುವ ಬೇಲಿಯನ್ನೆಲ್ಲ ಹಾಗೇ ಬಿಡಿ ಅಂತ ನಾನು ಹೇಳುವುದಿಲ್ಲ. ಹೊಲದ ಒಂದು ಕಡೆಯಾದರೂ ಗಿಡಬೇಲಿ ಇರಲಿ. ಸವರುವಾಗ ಬುಡಕ್ಕೆ ಕಡಿಯದೆ, ಮರದಿಂದ ಮರಕ್ಕೆ ತಾಗುವ ಕೊಂಬೆ ಉಳಿಸಲಿ. ತಂತಿ ಹಾಕುವವರು ಪಕ್ಕದಲ್ಲೇ ನಾಲ್ಕು ಹೊಂಗೆ ನೆಡಲಿ. ಹೊಂಗೆ ಸೊಪ್ಪು ಗದ್ದೆ ತೋಟಕ್ಕೆ ಗೊಬ್ಬರ, ಬೀಜ ಎಣ್ಣೆಗೆ ಆಗುತ್ತದೆ. ಎರಡು ಸಾಲು ರಾಗಿ ಹೋದರೂ ಪೂರ್ತಿ ನಷ್ಟವೇನಲ್ಲ.

ನಾವು ಮಕ್ಕಳು ಏನು ಮಾಡಬಹುದು? ಕಾಡುಪಾಪ ಕಂಡರೆ ಕಲ್ಲು ಹೊಡೆಯಬಾರದು, ಹಿಡಿದು ಸಾಕಬಾರದು, ಕಣ್ಣಿಗೆ ಬ್ಯಾಟರಿ ಬಿಡಬಾರದು. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಬೇಸಿಗೆಯಲ್ಲಿ ತಿರುಪತಿ ಬೆಟ್ಟದ ಕಡೆ ಯಾರೂ ಬೆಂಕಿ ಹಚ್ಚದಂತೆ ಮನೆಯವರಿಗೆ ಹೇಳಬೇಕು. ನಾಗವಲ್ಲಿಯ ಮಕ್ಕಳಂತೆ ನಾವೂ ಗುರುಗಳ ಜೊತೆ, ದೊಡ್ಡವರನ್ನು ಕರೆದುಕೊಂಡು, ಬ್ಯಾಟರಿಗೆ ಕೆಂಪು ಕಾಗದ ಕಟ್ಟಿ, ಊರ ಸುತ್ತಿನ ಬೇಲಿಗಳನ್ನು ಒಂದು ರಾತ್ರಿ ನೋಡಿ ಬರೋಣ. ಎಷ್ಟು ಕಂಡವು ಅಂತ ಇದೇ ಗೋಡೆ ಪತ್ರಿಕೆಯಲ್ಲಿ ಬರೆಯೋಣ. ಗುರುಗಳು ಒಪ್ಪಬೇಕೆಂದು ನನ್ನ ವಿನಂತಿ.

ಕೋಲಾವನ್ನು ಉಳಿಸಲು ಆಸ್ಟ್ರೇಲಿಯಾದ ಜನ ಇದ್ದಾರೆ. ನಮ್ಮ ಬೇಲಿಯ ಕಾಡುಪಾಪಕ್ಕೆ ನಾವೇ ದಿಕ್ಕು.

– 7ನೇ ತರಗತಿ, ಮಾಲೇಕಲ್ಲು