ಹಿಂಬದಿ ಶಾಕ್ ಅಬ್ಸಾರ್ಬರ್ ರಕ್ಷಣೆ: ಹೊಣೆ ಮಾಲೀಕನೊಬ್ಬನದೇ?

ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆ ಪ್ರದೇಶದಲ್ಲಿ ಟೊಮೆಟೊ, ಜಲ್ಲಿ, ಎಂ-ಸ್ಯಾಂಡ್, ಇಟ್ಟಿಗೆಗಳನ್ನು ಸಾಗಿಸುವವರಲ್ಲಿ ಒಂದೆರಡು ವಾಹನಗಳನ್ನು ಸಾಲದ ಕಂತಿನ ಮೇಲೆ ಕೊಂಡ ಸಣ್ಣ ಮಾಲೀಕರೂ ಇದ್ದಾರೆ. ಡೀಸೆಲ್, ಟೈರ್, ಕಂತು ಇವು ಮೂರೂ ಇಂಥವರ ಲೆಕ್ಕದ ಪುಸ್ತಕದಲ್ಲಿ ತಪ್ಪದೆ ದಾಖಲಾಗುತ್ತವೆ. ಆದರೆ ಟೈರಿನ ಆಯುಷ್ಯವನ್ನೂ ಬ್ರೇಕಿನ ಹಿಡಿತವನ್ನೂ ಕಾಯುವ ಹಿಂಬದಿಯ ಶಾಕ್ ಅಬ್ಸಾರ್ಬರ್, ಕೆಟ್ಟುಹೋಗುವ ತನಕ ಯಾರ ಗಮನಕ್ಕೂ ಬರುವುದಿಲ್ಲ.

ಭಾರಿ ಟಿಪ್ಪರುಗಳ ಹಿಂದಿನ ಆಕ್ಸಲ್‌ಗಳಿಗೆ ಅನೇಕ ವೇಳೆ ಶಾಕ್ ಅಬ್ಸಾರ್ಬರ್ ಇರುವುದೇ ಇಲ್ಲ. ಕಮಾನು ಪಟ್ಟಿಗಳೇ ಎಲ್ಲ ಹೊರೆಯನ್ನೂ ತಾಳುತ್ತವೆ. ಪಿಕಪ್ ಹಾಗೂ ಲಘು ಲಾರಿಗಳಲ್ಲಿ ಅದು ಇರುತ್ತದೆ. ಆದುದರಿಂದ ಈ ನಷ್ಟ ಹೆಚ್ಚಾಗಿ ತಟ್ಟುವುದು ಸಣ್ಣವರಿಗೇ.

ಈ ಪ್ರದೇಶದ ಧೂಳಿಗೆ ಒಂದು ವಿಶೇಷವಿದೆ. ಇಲ್ಲಿಯ ಚಿನ್ನ ದೊರೆತದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದಿರನ್ನು ನುಣ್ಣಗೆ ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯೇ ಇಂದಿನ ಸೈನೈಡ್ ದಿಬ್ಬಗಳು. ಬೆಣಚುಕಲ್ಲು ಉಕ್ಕನ್ನೂ ಗೀರಬಲ್ಲಷ್ಟು ಗಡಸು. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಕ್ರೋಮಿಯಂ ಲೇಪನವಿದ್ದರೂ ಅದನ್ನು ಸುತ್ತುವರಿದ ಆಯಿಲ್ ಸೀಲ್ ಮೆತ್ತನೆಯ ರಬ್ಬರು. ಇಂಥ ಪುಡಿ ಸೀಲಿನ ಅಂಚಿಗೆ ಸೇರಿದರೆ ಪ್ರತಿಯೊಂದು ಕುಲುಕಾಟದಲ್ಲೂ ಅದನ್ನು ತಿಕ್ಕುತ್ತದೆ. ಜಲ್ಲಿ ತಗುಲಿ ಲೇಪನ ಕಿತ್ತರೆ ಅಲ್ಲಿ ತುಕ್ಕು ಹಿಡಿದು, ಆ ಒರಟು ಭಾಗವೇ ಸೀಲನ್ನು ಕತ್ತರಿಸುತ್ತದೆ. ಎಣ್ಣೆ ಸೋರಿದ ಮೇಲೆ ಚಕ್ರವು ನೆಲವನ್ನು ಬಿಟ್ಟು ಪುಟಿಯತೊಡಗುತ್ತದೆ. ಟೈರು ಅಲ್ಲಲ್ಲಿ ತಗ್ಗಾಗಿ ಸವೆಯುತ್ತದೆ. ಬ್ರೇಕ್ ಹಾಕಿದರೂ ವಾಹನ ನಿಲ್ಲುವ ದೂರ ಹೆಚ್ಚುತ್ತದೆ. ಕೊನೆಯದು ಹಣದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಪರಿಹಾರ ದುಬಾರಿಯದಲ್ಲ. ಹಿಂಬದಿಯ ಶಾಕಿಗೆ ಕಲ್ಲು ಎರಚುವುದು ಬಹುಮಟ್ಟಿಗೆ ಮುಂದಿನ ಚಕ್ರ. ಆದುದರಿಂದ ಮುಂದಿನ ಚಕ್ರದ ಹಿಂದೆ ತೂಗುವ ಮಡ್‌ಫ್ಲಾಪ್ ಹರಿದಿರದಂತೆ ನೋಡಿಕೊಳ್ಳುವುದೇ ಮೊದಲ ರಕ್ಷಣೆ. ಎರಡನೆಯದು, ಶಾಕಿನ ಮುಂಬದಿಗೆ ಅಡ್ಡವಾಗಿ ಒಂದು ತಗಡಿನ ಅಥವಾ ದಪ್ಪ ರಬ್ಬರಿನ ಕವಚ. ಅದನ್ನು ಬೋಲ್ಟು ಅಥವಾ ಕ್ಲಾಂಪಿನಿಂದ ಬಿಗಿಯಬೇಕೇ ಹೊರತು ಶಾಕಿನ ಮೈಗೆ ಬೆಸುಗೆ ಹಾಕಲಾಗದು. ಆ ಕಾವಿಗೆ ಸೀಲು ಸುಟ್ಟುಹೋಗುತ್ತದೆ. ಸುತ್ತಲೂ ಚೀಲದಂತೆ ಮುಚ್ಚುವುದೂ ತಪ್ಪು. ಒಳಗೆ ಕೆಸರು ನಿಂತು, ಗಾಳಿಯಾಡದೆ ಎಣ್ಣೆ ಕಾಯುತ್ತದೆ. ತೊಳೆಯುವಾಗ ರಭಸದ ನೀರನ್ನು ನೇರವಾಗಿ ಸೀಲಿಗೆ ಹಾಯಿಸಬಾರದು. ಶಾಕಿನ ಮೈಮೇಲೆ ಧೂಳು ಒದ್ದೆಯಾಗಿ ಅಂಟಿದ್ದರೆ ಎಣ್ಣೆ ಸೋರುತ್ತಿದೆ ಎಂದೇ ತಿಳಿದು, ಎರಡೂ ಬದಿಯ ಶಾಕ್‌ಗಳನ್ನು ಒಟ್ಟಿಗೆ ಬದಲಿಸುವುದು ಕ್ಷೇಮ.

ಇಷ್ಟು ಮಾಲೀಕನ ಕರ್ತವ್ಯ. ಆದರೆ ಹೊಣೆಯನ್ನೆಲ್ಲ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ರಸ್ತೆಯ ಮೇಲೆ ಬಿದ್ದಿರುವ ಜಲ್ಲಿ ಆಕಾಶದಿಂದ ಉದುರಿದ್ದಲ್ಲ. ಅಂಚು ಮೀರಿ ತುಂಬಿ, ಟಾರ್ಪಾಲು ಹೊದಿಸದೆ ಹೊರಟ ವಾಹನಗಳಿಂದ ಚೆಲ್ಲಿದ್ದು. ಮಿತಿಮೀರಿದ ಭಾರಕ್ಕೆ 2019ರ ತಿದ್ದುಪಡಿಯ ಅನ್ವಯ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ವಿಧಿಸಲು ಅವಕಾಶವಿದೆ. ದಂಡಕ್ಕೆ ಕಾಯದೆ ಕ್ರಷರ್ ಮಾಲೀಕರೇ ತಮ್ಮ ಗೇಟಿನಲ್ಲಿ ಭಾರವನ್ನು ಸಮತಟ್ಟುಗೊಳಿಸಿ, ಹೊದಿಕೆ ಇಲ್ಲದ ವಾಹನವನ್ನು ಹೊರಬಿಡದಿದ್ದರೆ ಅರ್ಧ ಸಮಸ್ಯೆ ಅಲ್ಲಿಯೇ ಬಗೆಹರಿಯುತ್ತದೆ. ಕಡಿಮೆ ಬಾಡಿಗೆಗೆ ಹೆಚ್ಚು ಸರಕು ಬಯಸುವ ಖರೀದಿದಾರರೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ.

ಈ ಮಾತಿಗೆ ಈಗ ತುರ್ತು ಬಂದಿದೆ. 13 ಸೈನೈಡ್ ದಿಬ್ಬಗಳಲ್ಲಿ ಮತ್ತೆ ಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದೆ. ಅಲ್ಲಿರುವುದು ಮೂರು ಕೋಟಿ ಟನ್ನಿಗೂ ಮೀರಿದ ಪುಡಿ. ಅದು ಕದಲತೊಡಗಿದಾಗ ಧೂಳನ್ನು ಹತ್ತಿಕ್ಕುವ ಹಾಗೂ ಮುಚ್ಚಿದ ಸಾಗಣೆಯ ಷರತ್ತುಗಳು ಗುತ್ತಿಗೆಯಲ್ಲಿಯೇ ಇರಬೇಕೆಂದು ವರ್ತಕ ಸಮುದಾಯ ಇಂದೇ ಒತ್ತಾಯಿಸುವುದು ಲೇಸು. ವಾಹನಗಳಿಗಿಂತ ಮೊದಲು ಆ ಧೂಳನ್ನು ಉಸಿರಾಡುವವರು ಜನರು ಎಂಬುದನ್ನೂ ಮರೆಯಲಾಗದು.

ಇದರಲ್ಲಿ ಒಂದು ಉದ್ಯಮಾವಕಾಶವೂ ಅಡಗಿದೆ. ಭಾರತ್ ಗೋಲ್ಡ್ ಮೈನ್ಸ್ 2001ರಲ್ಲಿ ಬಾಗಿಲು ಮುಚ್ಚಿತಾದರೂ, ಗಣಿಯ ವರ್ಕ್‌ಶಾಪುಗಳು ಮತ್ತು 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಈ ಊರಿಗೆ ಕಲಿಸಿದ ಲೋಹದ ಕೆಲಸ ಅಳಿದುಹೋಗಿಲ್ಲ. ಇಲ್ಲಿಯ ರಸ್ತೆಗೆ ತಕ್ಕ ಕವಚವನ್ನು ಇಲ್ಲಿಯೇ ತಯಾರಿಸಲು ಸಣ್ಣ ಘಟಕಗಳಿಗೆ ಸಾಧ್ಯವಿದೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸ ಶಾಕ್ ಕೊಳ್ಳುವಾಗ ಉಳಿಯುವ ಆ ಹಣವನ್ನು ಅದರ ಕವಚಕ್ಕೆ ವಿನಿಯೋಗಿಸುವುದು ಜಾಣತನ. ಕೆಟ್ಟ ಮೇಲೆ ಬದಲಿಸುವ ರೂಢಿ ಬಿಟ್ಟು ಕೆಡದಂತೆ ಕಾಯುವ ರೂಢಿ ಬೆಳೆದರೆ ಕಂತು ಕಟ್ಟುವ ಮನೆಗೂ, ರಸ್ತೆಯಲ್ಲಿ ಎದುರಾಗುವ ಜೀವಕ್ಕೂ ಕ್ಷೇಮ.