ಒಲೆ ಮುಂದೆ ನಿಂತವಳ ಹಾಡು



'ಮರೆತುಹೋಗಿದ್ದ ಹಾಡುಗಾರ್ತಿಯನ್ನು ಪತ್ತೆ ಹಚ್ಚಿದೆವು' ಅಂತ ಯಾರಾದರೂ ಹೇಳಿದರೆ ಒಂದು ಮಾತು ಕೇಳಬೇಕು: ಮರೆತವರು ಯಾರು? ಅಮೆರಿಕದ ಕಪ್ಪು ಹೆಣ್ಣುಮಗಳು ಎಲಿಜಬೆತ್ ಕಾಟನ್ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಡುತ್ತದೆ.

ಆಕೆ ಹುಟ್ಟಿದ್ದು 1890ರ ದಶಕದಲ್ಲಿ, ನಾರ್ತ್ ಕೆರೊಲಿನಾ ರಾಜ್ಯದಲ್ಲಿ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಇದ್ದ ಕಾಲ. ಆ ಶಾಲೆಯನ್ನೂ ಬಿಟ್ಟು ಚಿಕ್ಕಂದಿನಲ್ಲೇ ಬಿಳಿಯರ ಮನೆ ಚಾಕರಿಗೆ ಹೋದಳು. ಕೂಲಿ ಕಾಸು ಕೂಡಿಟ್ಟು ಗಿಟಾರ್ ಕೊಂಡಳು. ಆಕೆ ಎಡಚಿ. ಬಲಗೈಯವರಿಗೆ ಮಾಡಿದ ಗಿಟಾರನ್ನೇ ತಿರುವಿ ಹಿಡಿದು, ಹೆಬ್ಬೆರಳಲ್ಲಿ ರಾಗ, ಮಿಕ್ಕ ಬೆರಳಲ್ಲಿ ದಪ್ಪ ತಂತಿ ಮಿಡಿದು ತನ್ನದೇ ದಾರಿ ಮಾಡಿಕೊಂಡಳು. ಹನ್ನೆರಡರ ಆಸುಪಾಸಿನಲ್ಲೇ, ಮನೆ ಹತ್ತಿರ ಹೋಗುತ್ತಿದ್ದ ಗೂಡ್ಸ್ ರೈಲಿನ ಮೇಲೆ 'ಫ್ರೈಟ್ ಟ್ರೈನ್' ಎಂಬ ಹಾಡು ಕಟ್ಟಿದಳು.

ಆಮೇಲೆ ಮದುವೆ, ಮಗು, ದುಡಿಮೆ. ಇಂಥ ಹಾಡು ಬಿಟ್ಟುಬಿಡು ಅಂದರು ಚರ್ಚಿನವರು. ಗಿಟಾರ್ ದಶಕಗಳ ಕಾಲ ಮೂಲೆ ಸೇರಿತು.

1940ರ ದಶಕ. ವಾಷಿಂಗ್ಟನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಬೊಂಬೆ ಮಾರುತ್ತಿದ್ದಾಗ, ತಪ್ಪಿಸಿಕೊಂಡ ಒಂದು ಹುಡುಗಿಯನ್ನು ತಾಯಿಗೆ ಮುಟ್ಟಿಸಿದಳು. ಅದು ಸೀಗರ್ ಮನೆತನದ ಮಗು, ಪೆಗ್ಗಿ. ಕೊನೆಗೆ ಅವರ ಮನೆಗೇ ಕೆಲಸಕ್ಕೆ ಸೇರಿದಳು. ಇಲ್ಲೇ ನೋಡಿ ವಿಚಿತ್ರ. ಅದು ಜನಪದ ಹಾಡು ಕೂಡಿಹಾಕಿ ಸ್ವರ ಬರೆಯುವ ವಿದ್ವಾಂಸರ ಮನೆ! ಊರೂರಿನ ಹಾಡು ಅವರಿಗೆ ಗೊತ್ತು. ತಮ್ಮ ಒಲೆ ಮುಂದೆ ನಿಂತವಳ ಹಾಡು ಮಾತ್ರ ಗೊತ್ತಿಲ್ಲ. ಗೋಡೆಗೆ ತೂಗಿದ್ದ ಗಿಟಾರನ್ನು ಆಕೆಯೇ ಕೈಗೆತ್ತಿಕೊಂಡು ನುಡಿಸಿದಾಗ ಗೊತ್ತಾಯ್ತು.

ಪೆಗ್ಗಿ ಬೆಳೆದು ಇಂಗ್ಲೆಂಡಿಗೆ ಹೋಗಿ ಆ ಹಾಡು ಹಾಡಿದಳು. ಕೇಳಿದವರು ತಾವೇ ಬರೆದದ್ದು ಅಂತ ಹಕ್ಕು ಮಾಡಿಸಿಕೊಂಡರು. 1957ರಲ್ಲಿ ಅದರ ರೆಕಾರ್ಡು ಅಲ್ಲಿ ಭಾರಿ ಓಡಿತು. ಹಾಡು ಕಟ್ಟಿದವಳ ಹೆಸರೇ ಇಲ್ಲ! ಸೀಗರ್ ಮನೆಯವರು ಜೊತೆಗೆ ನಿಂತರು, ಅದನ್ನೂ ಹೇಳಬೇಕು. ಕಡೆಗೆ ಹೆಸರು ಆಕೆಗೆ ಮರಳಿತು. ಆ ಮನೆಯ ಮಗ ಮೈಕ್ ಧ್ವನಿಮುದ್ರಿಸಿದ್ದರಿಂದ 1958ರಲ್ಲಿ ಮೊದಲ ರೆಕಾರ್ಡು ಬಂತು. ಆಗ ಆಕೆಗೆ ಅರವತ್ತು ದಾಟಿತ್ತು. 1985ರಲ್ಲಿ ಗ್ರಾಮಿ ಪ್ರಶಸ್ತಿ ಬಂದಾಗ ತೊಂಬತ್ತು ದಾಟಿತ್ತು. 1987ರಲ್ಲಿ ತೀರಿಕೊಂಡಳು.

ಇದನ್ನು ಅದೃಷ್ಟದ ಕತೆ ಅಂತ ಓದಬೇಡಿ. ಗೋಡೆ ಮೇಲೆ ಗಿಟಾರ್ ಇಲ್ಲದ ಮನೆಗಳಲ್ಲಿ ಚಾಕರಿ ಮಾಡಿದವರ ಹಾಡು ಏನಾಯ್ತು? ಎಲಿಜಬೆತ್ ಎಲ್ಲೂ ಕಳೆದುಹೋಗಿರಲಿಲ್ಲ. ಕೇಳುವ ಕಿವಿ ಇರಲಿಲ್ಲ, ಅಷ್ಟೆ.

ನಮ್ಮ ಪಠ್ಯಪುಸ್ತಕದಲ್ಲೂ ಹಾಡಿನ ಕೆಳಗೆ ಬರೀ 'ಜನಪದ' ಅಂತ ಇರುತ್ತದೆ. ಆ 'ಜನ' ಯಾರು? ನಾಟಿ ಹಾಕುತ್ತಾ ಹಾಡಿದ ನಿಮ್ಮ ಅವ್ವನೋ, ಅಜ್ಜಿಯೋ? ರಜಕ್ಕೆ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ಹಾಡು ಬರೆದುಕೊಳ್ಳಿ. ಅದಕ್ಕೂ ಮೊದಲು, ಹಾಡಿದವಳ ಹೆಸರು ಬರೆದುಕೊಳ್ಳಿ.