ಹಿಗ್ಗಿಸಿ ನೋಡುವ ಮುನ್ನ

1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಊರು ಅಂಕೋಲೆ. ಆ ಕರಾವಳಿಯ ಉಪ್ಪಿನ ಹರಳೊಂದನ್ನು ಅಂಗೈಯ ಮೇಲಿಟ್ಟು ನೋಡಿ. ಬರಿಗಣ್ಣಿಗೆ ಅದೊಂದು ಬಿಳಿಯ ಚುಕ್ಕೆ. ಅದನ್ನೇ ಪೀನ ಮಸೂರದ ಮೂಲಕ ನೋಡಿದರೆ ಚಪ್ಪಟೆಯಾದ ಮುಖಗಳೂ ನೇರವಾದ ಅಂಚುಗಳೂ ಉಳ್ಳ ಪುಟ್ಟ ಪೆಟ್ಟಿಗೆಯಂತೆ ಕಾಣುತ್ತದೆ. ‘ಎಷ್ಟು ದೊಡ್ಡದು!’ ಎಂದು ನಾವು ಬೆರಗಾಗುತ್ತೇವೆ. ಬೆರಗು ಒಳ್ಳೆಯದೇ, ಆದರೆ ಅಲ್ಲಿಗೇ ನಿಂತರೆ ಸಾಲದು. ಎಷ್ಟು ಪಟ್ಟು ದೊಡ್ಡದು ಎಂದು ಕೇಳಿದಾಗಲೇ ಬೆರಗು ಅರಿವಾಗುತ್ತದೆ.

ಈ ಪಟ್ಟಿಗೆ ‘ವರ್ಧನೆ’ ಎಂದು ಹೆಸರು. ಅದನ್ನು ತಿಳಿಯಲು ಮೊದಲು ಮಸೂರದ ಸಂಗಮದೂರ ಗೊತ್ತಿರಬೇಕು. ಕಾರವಾರದ ಕೋಡಿಬಾಗದಲ್ಲಿ ನಿಂತು, ಕಾಳೀನದಿಯ ಆಚೆಯ ಸದಾಶಿವಗಡದ ಗುಡ್ಡದ ಕಡೆಗೆ ಮಸೂರವನ್ನು ಹಿಡಿದು, ಅದರ ಹಿಂದೆ ಬಿಳಿಯ ಕಾಗದವೊಂದನ್ನು ಹಿಂದುಮುಂದಾಗಿ ಸರಿಸಬೇಕು. ಒಂದೆಡೆ ಗುಡ್ಡವು ಪುಟ್ಟದಾಗಿ, ತಲೆಕೆಳಗಾಗಿ, ಸ್ಪಷ್ಟವಾಗಿ ಮೂಡುತ್ತದೆ. ಆಗ ಮಸೂರಕ್ಕೂ ಕಾಗದಕ್ಕೂ ಇರುವ ಅಂತರವೇ ಸಂಗಮದೂರ. ಅದು 5 ಸೆಂ.ಮೀ. ಇದೆಯೆನ್ನೋಣ. ಸಾಮಾನ್ಯ ಕಣ್ಣು ಶ್ರಮವಿಲ್ಲದೆ ಸ್ಪಷ್ಟವಾಗಿ ನೋಡಬಲ್ಲ ಅತಿ ಸಮೀಪದ ದೂರ 25 ಸೆಂ.ಮೀ. ಇದನ್ನು 5ರಿಂದ ಭಾಗಿಸಿ 1 ಕೂಡಿಸಿದರೆ 6. ಕಣ್ಣಿನ ಹತ್ತಿರ ಹಿಡಿದ ಆ ಮಸೂರವು ಹರಳನ್ನು ಹೆಚ್ಚೆಂದರೆ 6 ಪಟ್ಟು ಹಿಗ್ಗಿಸಿ ತೋರಿಸುತ್ತದೆ.

ಕಾಗದದ ಮೇಲಿನ ಗುಡ್ಡ ಪುಟ್ಟದಾಗಿತ್ತಲ್ಲವೇ? ಕ್ಯಾಮೆರಾ ಮಾಡುವುದೂ ಅದೇ ಕೆಲಸ. ಪ್ರತಿಬಿಂಬದ ಉದ್ದವನ್ನು ವಸ್ತುವಿನ ಉದ್ದದಿಂದ ಭಾಗಿಸಿದರೆ ಅದರ ವರ್ಧನೆ ದೊರೆಯುತ್ತದೆ. 50 ಮಿ.ಮೀ. ಸಂಗಮದೂರದ ಮಸೂರವುಳ್ಳ ಕ್ಯಾಮೆರಾದಿಂದ 500 ಮೀಟರ್ ದೂರದ, 10 ಮೀಟರ್ ಉದ್ದದ ದೋಣಿಯೊಂದರ ಚಿತ್ರ ತೆಗೆದರೆ, ಫಿಲ್ಮಿನ ಮೇಲೆ ಅದರ ಉದ್ದ ಸುಮಾರು 1 ಮಿ.ಮೀ. ಮಾತ್ರ; ವರ್ಧನೆ ಹತ್ತು ಸಾವಿರದ ಒಂದು ಭಾಗ. ಮುದ್ರಿಸುವಾಗ 20 ಪಟ್ಟು ಹಿಗ್ಗಿಸಿದರೆ ದೋಣಿ 2 ಸೆಂ.ಮೀ. ಆಗುತ್ತದೆ. ಆದರೆ ಫಿಲ್ಮಿನಲ್ಲಿ ಮೂಡದಿದ್ದ ಹಗ್ಗವಾಗಲಿ, ಅಂಬಿಗನ ಮುಖವಾಗಲಿ ಮುದ್ರಣದಲ್ಲಿ ಹೊಸದಾಗಿ ಹುಟ್ಟಲಾರದು. ಇಂದು ಮೊಬೈಲಿನ ಪರದೆಯ ಮೇಲೆ ಬೆರಳುಗಳಿಂದ ಚಿತ್ರವನ್ನು ಹಿಗ್ಗಿಸುವಾಗಲೂ ಆಗುವುದು ಇಷ್ಟೇ: ಗಾತ್ರ ಬೆಳೆಯುತ್ತದೆ, ವಿವರ ಬೆಳೆಯುವುದಿಲ್ಲ.

ಆದುದರಿಂದ ವರ್ಧನೆಯ ಲೆಕ್ಕವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಸೂತ್ರವಷ್ಟೇ ಅಲ್ಲ. ಮೋಸಹೋಗದಿರಲು ಬೇಕಾದ ಎಚ್ಚರವೂ ಹೌದೆಂದು ನನ್ನ ಭಾವನೆ. ಅಳತೆಯನ್ನು ಹೇಳದ ಚಿತ್ರದಲ್ಲಿ ಉಗುರಿನಷ್ಟು ಚಿಕ್ಕ ಕಪ್ಪೆಚಿಪ್ಪೂ ತೆಂಗಿನಕಾಯಿಯಷ್ಟು ದೊಡ್ಡದಾಗಿ ತೋರಬಹುದು. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟರೆ ಸಾಕು, ಭ್ರಮೆ ಹರಿಯುತ್ತದೆ. ದೊಡ್ಡದಾಗಿ ಕಂಡುದನ್ನೆಲ್ಲ ದೊಡ್ಡದೆಂದು ನಂಬುವ ಮುನ್ನ ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದು ಎಷ್ಟು ಪಟ್ಟು ಹಿಗ್ಗಿದೆ? ಹಿಗ್ಗಿದ ಮೇಲೆ ಹೊಸತಾಗಿ ಏನು ಕಂಡಿತು? ಈ ಪ್ರಶ್ನೆಗಳು ಮಸೂರಕ್ಕೆ ಹೇಗೋ, ನಾವು ದಿನವೂ ಕೇಳುವ ಮಾತುಗಳಿಗೂ ಹಾಗೆಯೇ ಸಲ್ಲುತ್ತವೆ.